ಸಣ್ಣ ಡಿಜಿಟಲ್ ಗ್ರಂಥಾಲಯವನ್ನು ಕಟ್ಟುವ ಬಗೆ: ಮೊದಲ ಹತ್ತು ಪುಸ್ತಕಗಳ ಹಾದಿ

ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಡಿಜಿಟಲ್ ಗ್ರಂಥಾಲಯ ಸಿದ್ಧವಾಯಿತು ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಹಾಗೆ ಏರಿಸಿದ ಕಡತಗಳ ರಾಶಿಯಲ್ಲಿ ತಮಗೆ ಬೇಕಾದ ಒಂದು ಪುಸ್ತಕಕ್ಕಾಗಿ ಅರ್ಧ ದಿನ ತಡಕಾಡಿ ಬರಿಗೈಯಲ್ಲಿ ಎದ್ದವರಿಗೆ ಮಾತ್ರ ರಾಶಿಗೂ ಗ್ರಂಥಾಲಯಕ್ಕೂ ಇರುವ ಅಂತರ ಏನೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಡಿಜಿಟಲ್ ಗ್ರಂಥಾಲಯ ಎಂಬ ಪದವನ್ನು ಸಂಶೋಧಕರು ಒಂದು ಬಗೆಯಲ್ಲಿ, ಗ್ರಂಥಪಾಲಕರು ಇನ್ನೊಂದು ಬಗೆಯಲ್ಲಿ ಬಳಸುತ್ತಾರೆ ಎಂದು ಮಾಹಿತಿ ವಿಜ್ಞಾನದ ವಿದ್ವಾಂಸೆ ಕ್ರಿಸ್ಟೀನ್ ಬೋರ್ಗ್‌ಮನ್ 1999ರಲ್ಲೇ ಗುರುತಿಸಿದ್ದರು. ಸಂಶೋಧಕರ ಕಣ್ಣಿಗೆ ಅದು ಒಂದು ಓದುಗ ಸಮುದಾಯಕ್ಕಾಗಿ ಸಂಗ್ರಹಿಸಿ ಅಣಿಗೊಳಿಸಿದ ಸಾಮಗ್ರಿ. ಗ್ರಂಥಪಾಲಕರ ಕಣ್ಣಿಗೆ ಅದು ಸೇವೆ ನೀಡುವ ಒಂದು ಸಂಸ್ಥೆ. ಕೆಲಸಕ್ಕೆ ಇಳಿಯುವವರು ಈ ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಸಾಮಗ್ರಿಯನ್ನು ಅಣಿಗೊಳಿಸದಿದ್ದರೆ ಯಾರಿಗೂ ಏನೂ ಸಿಗುವುದಿಲ್ಲ, ಸಂಸ್ಥೆಯಂತೆ ಅದನ್ನು ನೋಡಿಕೊಳ್ಳದಿದ್ದರೆ ಇಂದು ಸಿಕ್ಕಿದ್ದು ನಾಳೆ ಸಿಗುವುದಿಲ್ಲ.

ಈ ಲೇಖನ ಕೆಲವು ನೂರು ಅಥವಾ ಕೆಲವು ಸಾವಿರ ಪುಸ್ತಕಗಳ ಸಂಗ್ರಹವನ್ನು ಕೈಯಲ್ಲಿಟ್ಟುಕೊಂಡು ಎಲ್ಲಿಂದ ಆರಂಭಿಸಬೇಕೆಂದು ಯೋಚಿಸುತ್ತಿರುವವರಿಗಾಗಿ ಬರೆದದ್ದು. ನನ್ನ ಸಲಹೆ ಒಂದೇ, ಉಳಿದದ್ದೆಲ್ಲ ಅದರ ವಿವರಣೆ: ಸಾವಿರ ಪುಸ್ತಕಗಳನ್ನು ಮೊದಲ ಹಂತದಲ್ಲಿ ನಿಲ್ಲಿಸುವ ಬದಲು ಹತ್ತು ಪುಸ್ತಕಗಳನ್ನು ಕೊನೆಯ ಹಂತದವರೆಗೆ ಕೊಂಡೊಯ್ಯಿರಿ. ಆಯ್ಕೆ, ಹೆಸರಿಡುವಿಕೆ, ಸ್ಕ್ಯಾನಿಂಗ್, ವಿವರಣೆ, ಪಠ್ಯ, ಪ್ರಕಟಣೆ, ಸಂರಕ್ಷಣೆ, ಹುಡುಕಾಟದ ಪರೀಕ್ಷೆ ಇಷ್ಟನ್ನೂ ಹತ್ತು ಪುಸ್ತಕಗಳ ಮಟ್ಟಿಗೆ ಮುಗಿಸಿದ ಮೇಲೆಯೇ ಹನ್ನೊಂದನೆಯದನ್ನು ಮುಟ್ಟಿರಿ. ಆರಂಭದಲ್ಲಿ ಮಾಡಿದ ಒಂದು ತಪ್ಪು ನಿರ್ಧಾರವನ್ನು ಹತ್ತು ಕಡೆ ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನೇ ಸಾವಿರ ಕಡೆ ತಿದ್ದಬೇಕಾಗಿ ಬಂದರೆ ಯೋಜನೆಯೇ ನಿಂತುಹೋಗುತ್ತದೆ.

ಯಾವ ಹತ್ತು?

ಹತ್ತು ಪುಸ್ತಕಗಳನ್ನು ಆರಿಸುವಾಗ ಸುಲಭವಾದವನ್ನೇ ಆರಿಸುವ ಆಸೆಯನ್ನು ತಡೆದುಕೊಳ್ಳಬೇಕು. ಅಚ್ಚುಕಟ್ಟಾಗಿ ಮುದ್ರಣಗೊಂಡ ಕಾದಂಬರಿಯ ಜೊತೆಗೆ ಒಂದು ಬಹುಸಂಪುಟದ ಕೃತಿ, ಕೋಷ್ಟಕಗಳಿರುವ ಒಂದು ವರದಿ, ಪುಟಗಳು ಪುಡಿಯಾಗುತ್ತಿರುವ ಒಂದು ಹಳೆಯ ಮುದ್ರಣ, ಸಂಚಿಕೆ ಸಂಖ್ಯೆಯಲ್ಲೇ ಗೊಂದಲವಿರುವ ಒಂದು ನಿಯತಕಾಲಿಕ, ಎರಡು ಲಿಪಿಗಳಲ್ಲಿ ಪಠ್ಯವಿರುವ ಒಂದು ನಿಘಂಟು ಇಂಥವು ಇರಲಿ. ನಿಮ್ಮ ಸಂಗ್ರಹ ಮುಂದೆ ಒಡ್ಡಲಿರುವ ಎಲ್ಲ ಕಷ್ಟಗಳ ಮಾದರಿ ಈ ಹತ್ತರಲ್ಲಿ ಸಿಗುವಂತಿರಬೇಕು.

ಆರಿಸಿದ ಪ್ರತಿಯೊಂದು ಪುಸ್ತಕವೂ ಈಗಾಗಲೇ ಬೇರೆಲ್ಲಾದರೂ ಡಿಜಿಟಲೀಕರಣಗೊಂಡಿದೆಯೇ ಎಂದು ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್, ಗೂಗಲ್ ಬುಕ್ಸ್ ಮುಂತಾದ ದೊಡ್ಡ ಸಂಗ್ರಹಗಳಲ್ಲಿ ಹುಡುಕಿ ನೋಡಿ. ಹುಡುಕುವಾಗ ಶೀರ್ಷಿಕೆಯನ್ನು ಮೂಲ ಲಿಪಿಯಲ್ಲೂ ರೋಮನ್ ಲಿಪಿಯ ನಾಲ್ಕೈದು ಬಗೆಯ ಕಾಗುಣಿತದಲ್ಲೂ ಕೊಟ್ಟು ನೋಡಬೇಕು, ಏಕೆಂದರೆ ಭಾರತೀಯ ಭಾಷೆಗಳ ಸಾವಿರಾರು ಪುಸ್ತಕಗಳು ಅಲ್ಲಿ ಯಾರೋ ತೋಚಿದಂತೆ ಟೈಪಿಸಿದ ರೋಮನ್ ಕಾಗುಣಿತದ ಹಿಂದೆ ಅಡಗಿ ಕುಳಿತಿವೆ. ಉತ್ತಮ ಗುಣಮಟ್ಟದ ಪ್ರತಿ ಸಿಕ್ಕಿದರೆ ಮತ್ತೆ ಸ್ಕ್ಯಾನ್ ಮಾಡುವ ಅಗತ್ಯವಿಲ್ಲ. ಅದಕ್ಕೆ ಸರಿಯಾದ ವಿವರಣೆಯನ್ನು ಬರೆದು ಕೊಂಡಿ ಕೊಡುವುದೇ ಹೆಚ್ಚಿನ ಸೇವೆ.

ಹಕ್ಕುಗಳ ವಿಚಾರವನ್ನು ಈ ಹಂತದಲ್ಲೇ ಇತ್ಯರ್ಥಪಡಿಸಿಕೊಳ್ಳಬೇಕು. ಬರ್ನ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ಕರಾರಿನ ಪ್ರಕಾರ ಸಾಮಾನ್ಯವಾಗಿ ಕೃತಿಸ್ವಾಮ್ಯದ ಕನಿಷ್ಠ ಅವಧಿ ಲೇಖಕರ ಮರಣಾನಂತರ 50 ವರ್ಷ. ಭಾರತದಲ್ಲಿ ಅದು 60 ವರ್ಷ, ಯುರೋಪಿನ ಒಕ್ಕೂಟದ ದೇಶಗಳಲ್ಲಿ 70 ವರ್ಷ. ಅವಧಿಯನ್ನು ಮರಣದ ಮರುವರ್ಷದ ಆರಂಭದಿಂದ ಎಣಿಸುವುದರಿಂದ, 1960ರಲ್ಲಿ ತೀರಿಕೊಂಡ ಲೇಖಕರ ಕೃತಿ ಭಾರತದಲ್ಲಿ 2021ರ ಜನವರಿ 1ರಂದು ಮುಕ್ತವಾಯಿತು. ಆದರೆ ಅದೇ ಪುಸ್ತಕದ ಮುನ್ನುಡಿ ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರು ಇನ್ನೂ ಬದುಕಿರಬಹುದು, ಮತ್ತು ಅವರವರ ಹಕ್ಕು ಅವರವರದೇ. ಪ್ರತಿ ಪುಸ್ತಕದ ಹಕ್ಕಿನ ಸ್ಥಿತಿಯನ್ನೂ ಆ ತೀರ್ಮಾನಕ್ಕೆ ನೀವು ಬಂದ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಐದು ವರ್ಷಗಳ ನಂತರ ಯಾರಾದರೂ ಆಕ್ಷೇಪವೆತ್ತಿದಾಗ ನಿಮ್ಮ ನೆನಪು ಸಹಾಯಕ್ಕೆ ಬರುವುದಿಲ್ಲ, ಆ ಸಾಲು ಬರುತ್ತದೆ.

ಸ್ಕ್ಯಾನರ್ ಮುಟ್ಟುವ ಮೊದಲು ಹೆಸರು

ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಮೂರು ಸಂಪುಟಗಳ ಒಂದು ಕೃತಿಯನ್ನು ಮೂವರು ಮೂರು ದಿನ ಸ್ಕ್ಯಾನ್ ಮಾಡಿದ್ದೆವು. ಮೂರೂ ಸಂಪುಟಗಳ ಪುಟಗಳಿಗೆ ಸ್ಕ್ಯಾನರ್ ತಾನಾಗಿಯೇ 001ರಿಂದ ಹೆಸರಿಟ್ಟುಕೊಂಡು ಹೋಗಿತ್ತು. ಕೊನೆಯ ದಿನ ಎಲ್ಲವನ್ನೂ ಒಂದೇ ಫೋಲ್ಡರಿಗೆ ನಕಲಿಸುವಾಗ ಅದೇ ಹೆಸರಿನ ಕಡತ ಇದೆ, ಬದಲಿಸಬೇಕೆ ಎಂದು ಕಂಪ್ಯೂಟರ್ ಕೇಳಿದ ಪ್ರಶ್ನೆಗೆ ನಾನು ಹೌದು ಎಂದು ಒತ್ತಿದೆ, ಎರಡು ಬಾರಿ. ಉಳಿದದ್ದು ಮೂರನೆಯ ಸಂಪುಟ ಮತ್ತು ಅದಕ್ಕಿಂತ ದಪ್ಪವಾಗಿದ್ದ ಮೊದಲ ಸಂಪುಟದ ಬಾಲದ ಒಂದಷ್ಟು ಪುಟಗಳು ಮಾತ್ರ. ಅಷ್ಟರಲ್ಲಿ ಪುಸ್ತಕಗಳನ್ನು ಅವುಗಳ ಒಡೆಯರಿಗೆ ಹಿಂದಿರುಗಿಸಿಯಾಗಿತ್ತು.

ಆದ್ದರಿಂದ ಪುಸ್ತಕ ಕೈಗೆ ಬಂದ ಕೂಡಲೇ ಅದಕ್ಕೊಂದು ಸಂಖ್ಯೆ ಕೊಡಿ, ಮತ್ತು ಆ ಸಂಖ್ಯೆ ಆ ಪುಸ್ತಕದ ಪ್ರತಿಯೊಂದು ಕಡತದ ಹೆಸರಿನಲ್ಲೂ ಇರಲಿ. ಕೃತಿ 0042, ಸಂಪುಟ 02, ಚಿತ್ರ 0017 ಎಂಬುದನ್ನು 0042_02_0017 ಎಂದು ಬರೆದರೆ ಆ ಕಡತ ಯಾವ ಡಿಸ್ಕಿನಲ್ಲಿ ಅನಾಥವಾಗಿ ಬಿದ್ದಿದ್ದರೂ ತನ್ನ ಮನೆ ಯಾವುದೆಂದು ತಾನೇ ಹೇಳಬಲ್ಲದು. ಹೆಸರಿನಲ್ಲಿ ಶೀರ್ಷಿಕೆ, ಲೇಖಕರ ಹೆಸರು, ಖಾಲಿ ಜಾಗ ಯಾವುದೂ ಬೇಡ. ಶೀರ್ಷಿಕೆಯನ್ನು ಮುಂದೆ ತಿದ್ದಬೇಕಾಗಿ ಬರಬಹುದು, ಸಂಖ್ಯೆಗೆ ಆ ಪಾಡಿಲ್ಲ. ಕೊನೆಯ ಅಂಕಿ ಚಿತ್ರದ ಕ್ರಮಸಂಖ್ಯೆಯೇ ಹೊರತು ಪುಸ್ತಕದಲ್ಲಿ ಅಚ್ಚಾಗಿರುವ ಪುಟಸಂಖ್ಯೆಯಲ್ಲ ಎಂಬುದನ್ನು ಎಲ್ಲರಿಗೂ ತಿಳಿಸಿರಬೇಕು. ಹೊದಿಕೆ, ಅರ್ಪಣೆ, ಮುನ್ನುಡಿಯ ಪುಟಗಳಿಗೆ ಅಂಕಿ ಇರುವುದಿಲ್ಲ ಅಥವಾ ಬೇರೆ ಬಗೆಯದ್ದಿರುತ್ತದೆ. ಎರಡನ್ನೂ ಬೆಸೆಯುವ ಪಟ್ಟಿ ಪ್ರತ್ಯೇಕವಾಗಿರಲಿ.

ಸ್ಕ್ಯಾನಿಂಗ್

ಎಲ್ಲರೂ ಅತಿ ಹೆಚ್ಚು ಯೋಚಿಸುವುದು ಈ ಹಂತದ ಬಗ್ಗೆ, ಆದರೆ ಅತಿ ಕಡಿಮೆ ಅನುಮಾನಗಳಿರುವುದೂ ಇಲ್ಲಿಯೇ. ಮುದ್ರಿತ ಪುಸ್ತಕಕ್ಕೆ ಇಂಚಿಗೆ 300ರಿಂದ 400 ಬಿಂದುಗಳ ಸಾಂದ್ರತೆ, 24 ಬಿಟ್ ಬಣ್ಣ, ಮೂಲಪ್ರತಿಗೆ ನಷ್ಟವಿಲ್ಲದ ಟಿಫ್ ಅಥವಾ ಜೆಪೆಗ್ 2000 ಸ್ವರೂಪ ಎಂಬುದು ಬಹುತೇಕ ಎಲ್ಲರೂ ಒಪ್ಪಿದ ಮಾತು. ಓದುಗರಿಗೆ ಕೊಡುವ ಪಿಡಿಎಫ್ ಪ್ರತಿಯನ್ನು ಈ ಮೂಲಪ್ರತಿಯಿಂದ ಹುಟ್ಟಿಸಬೇಕು, ಮೂಲಪ್ರತಿಯನ್ನು ಎಂದೂ ತಿದ್ದಬಾರದು. ಪುಟವನ್ನು ನೇರಗೊಳಿಸುವುದು, ಕಲೆ ಅಳಿಸುವುದು, ಅಂಚು ಕತ್ತರಿಸುವುದು ಎಲ್ಲವೂ ನಕಲಿನ ಮೇಲೆಯೇ ನಡೆಯಲಿ.

ಜಾಗದ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಹಾಕಿ ನೋಡುವುದು ಒಳ್ಳೆಯದು. ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಟವನ್ನು 400 ಬಿಂದುಗಳಲ್ಲಿ ಸ್ಕ್ಯಾನ್ ಮಾಡಿದರೆ 2,200 × 3,400, ಅಂದರೆ ಸುಮಾರು 75 ಲಕ್ಷ ಬಿಂದುಗಳಾಗುತ್ತವೆ. ಬಿಂದುವಿಗೆ ಮೂರು ಬೈಟ್‌ನಂತೆ ಪುಟಕ್ಕೆ ಸುಮಾರು 22 ಎಂಬಿ, 300 ಪುಟಗಳ ಪುಸ್ತಕಕ್ಕೆ 6.7 ಜಿಬಿ, ಅಂಥ ನೂರು ಪುಸ್ತಕಗಳಿಗೆ 670 ಜಿಬಿ. ಮೂರು ಪ್ರತಿಗಳನ್ನು ಇಡಬೇಕು ಎಂದು ಮುಂದೆ ಹೇಳಲಿದ್ದೇನೆ, ಆಗ ಅದು 2 ಟಿಬಿ ದಾಟುತ್ತದೆ. ನಷ್ಟವಿಲ್ಲದ ಸಂಕೋಚನದಿಂದ ಇದು ಸಾಕಷ್ಟು ತಗ್ಗುತ್ತದೆಯಾದರೂ, ಡಿಸ್ಕ್ ಕೊಳ್ಳುವಾಗ ಸಂಕೋಚನವಿಲ್ಲದ ಲೆಕ್ಕವನ್ನೇ ಹಿಡಿಯಿರಿ.

ದಿನದ ಕೊನೆಗೆ ಆ ದಿನದ ಪುಟಗಳನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಬೇಕು. ಬಿಟ್ಟುಹೋದ ಪುಟ, ಎರಡು ಬಾರಿ ಬಂದ ಪುಟ, ಮಡಿಸಿದ ನಕ್ಷೆಯನ್ನು ಬಿಚ್ಚದೆ ತೆಗೆದ ಚಿತ್ರ ಇವು ಪುಸ್ತಕ ಮೇಜಿನ ಮೇಲಿರುವಾಗ ಎರಡು ನಿಮಿಷದ ತಿದ್ದುಪಡಿಗಳು.

ವಿವರಣೆ: ಹೆಚ್ಚು ಸಮಯ ಕೊಡಬೇಕಾದ ಹಂತ

1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಕಾರ್ಯಾಗಾರದಿಂದ ಹುಟ್ಟಿದ ಡಬ್ಲಿನ್ ಕೋರ್ ಎಂಬ ಮೆಟಾಡೇಟಾ (ಅಂದರೆ ಪುಸ್ತಕದ ಬಗೆಗಿನ ವಿವರಗಳ) ಮಾದರಿಯಲ್ಲಿ ಹದಿನೈದು ಅಂಶಗಳಿವೆ: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕರು, ಸಹಾಯಕ ಕರ್ತೃ, ದಿನಾಂಕ, ಬಗೆ, ಸ್ವರೂಪ, ಗುರುತು, ಮೂಲ, ಭಾಷೆ, ಸಂಬಂಧ, ವ್ಯಾಪ್ತಿ, ಹಕ್ಕು. ಸಣ್ಣ ಸಂಗ್ರಹಕ್ಕೆ ಇಷ್ಟು ಸಾಕು. ಮಾರ್ಕ್, ಮಾಡ್ಸ್, ಮೆಟ್ಸ್ ಮುಂತಾದ ಹೆಚ್ಚು ವಿಸ್ತಾರವಾದ ಮಾದರಿಗಳನ್ನು ಬಲ್ಲವರು ನಿಮ್ಮಲ್ಲಿದ್ದರೆ ಬಳಸಿ, ಇಲ್ಲದಿದ್ದರೆ ಹದಿನೈದನ್ನೇ ಶಿಸ್ತಿನಿಂದ ತುಂಬಿರಿ. ಅರ್ಧ ತುಂಬಿದ ದೊಡ್ಡ ನಮೂನೆಗಿಂತ ಪೂರ್ತಿ ತುಂಬಿದ ಸಣ್ಣ ನಮೂನೆ ಓದುಗರಿಗೆ ಹೆಚ್ಚು ಉಪಕಾರಿ.

ಶಿಸ್ತು ಎಂದರೆ ಏನೆಂಬುದನ್ನು ಲೇಖಕರ ಹೆಸರಿನಿಂದ ನೋಡಬಹುದು. ಒಬ್ಬರೇ ಲೇಖಕರು ಒಂದು ಪುಸ್ತಕದ ಮೇಲೆ ಕುವೆಂಪು, ಇನ್ನೊಂದರ ಮೇಲೆ ಕೆ.ವಿ. ಪುಟ್ಟಪ್ಪ, ಮತ್ತೊಂದು ಕಡೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಕಾಣಿಸಿಕೊಳ್ಳಬಹುದು. ಇನಿಷಿಯಲ್ ನಡುವೆ ಚುಕ್ಕೆ ಇದೆಯೋ ಇಲ್ಲವೋ, ಚುಕ್ಕೆಯ ನಂತರ ಜಾಗ ಬಿಟ್ಟಿದೆಯೋ ಇಲ್ಲವೋ ಎಂಬ ಭೇದಗಳೂ ಸೇರಿದರೆ ಕಂಪ್ಯೂಟರಿನ ಪಾಲಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಇದಕ್ಕಾಗಿ ಒಂದು ಅಧಿಕೃತ ನಾಮಸೂಚಿಯನ್ನು ಮಾಡಿಕೊಳ್ಳಬೇಕು: ಪ್ರತಿ ಲೇಖಕರಿಗೂ ಒಂದು ಸ್ವೀಕೃತ ರೂಪ, ಅದರ ಕೆಳಗೆ ಉಳಿದ ಎಲ್ಲ ರೂಪಗಳು, ಸಾಧ್ಯವಾದರೆ ಗ್ರಂಥಾಲಯಗಳ ಅಂತರರಾಷ್ಟ್ರೀಯ ನಾಮಸೂಚಿಯಾದ ವಿಯಾಫ್ ಅಥವಾ ವಿಕಿಡೇಟಾದಲ್ಲಿರುವ ಅವರ ಸಂಖ್ಯೆ. ಸ್ವೀಕೃತ ರೂಪ ಯಾವುದೆಂಬುದರ ಬಗ್ಗೆ ಜಗಳವಾಡುತ್ತ ಕೂರಬೇಕಾಗಿಲ್ಲ. ಯಾವುದಾದರೂ ಒಂದನ್ನು ಆರಿಸಿ ಎಲ್ಲ ಕಡೆಯೂ ಅದನ್ನೇ ಬಳಸುವುದು ಮುಖ್ಯ, ಮತ್ತು ಉಳಿದ ಯಾವ ರೂಪದಲ್ಲಿ ಹುಡುಕಿದರೂ ಓದುಗರು ಅಲ್ಲಿಗೇ ಬಂದು ಸೇರುವಂತಿರಬೇಕು. ಶೀರ್ಷಿಕೆ ಮಾತ್ರ ಪುಸ್ತಕದಲ್ಲಿ ಇರುವಂತೆಯೇ ಇರಲಿ. ಹೊದಿಕೆಯ ಮೇಲೆ ಒಂದು, ಒಳಗೆ ಒಂದು ಎಂದಿದ್ದರೆ ಒಳಗಿನ ಶೀರ್ಷಿಕೆ ಪುಟವನ್ನು ನಂಬಿ, ಹೊದಿಕೆಯದ್ದನ್ನು ಪರ್ಯಾಯ ಶೀರ್ಷಿಕೆಯಾಗಿ ದಾಖಲಿಸಿ.

ದಿನಾಂಕಕ್ಕೆ ಸಂಬಂಧಿಸಿದಂತೆ ಎರಡು ಜಾಗಗಳನ್ನು ಇಟ್ಟುಕೊಳ್ಳುವುದು ಅಗತ್ಯ. ಹಳೆಯ ಮುದ್ರಣಗಳಲ್ಲಿ ಶಾಲಿವಾಹನ ಶಕೆ 1820 ಎಂದೋ ಬರಿಯ ಸಂವತ್ಸರದ ಹೆಸರೋ ಇರುತ್ತದೆ. ಶಕವರ್ಷಕ್ಕೆ 78 ಕೂಡಿದರೆ ಕ್ರಿಸ್ತವರ್ಷ ಬರುತ್ತದೆಯಾದರೂ ವರ್ಷದ ಕೊನೆಯ ತಿಂಗಳುಗಳಿಗೆ 79 ಕೂಡಬೇಕಾಗುತ್ತದೆ. ಸಂವತ್ಸರವಂತೂ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಇದ್ದಂತೆಯೇ ಒಂದು ಜಾಗದಲ್ಲಿ, ನೀವು ಲೆಕ್ಕ ಹಾಕಿ ತೆಗೆದ 1898 ಅಥವಾ 1898–1899 ಎಂಬುದನ್ನು ಇನ್ನೊಂದು ಜಾಗದಲ್ಲಿ ಬರೆಯಿರಿ. ಮೊದಲನೆಯದು ಸಾಕ್ಷಿ, ಎರಡನೆಯದು ನಿಮ್ಮ ತರ್ಕ. ಇವೆರಡನ್ನೂ ಕಲಸಿದ ಸೂಚಿಯನ್ನು ಮುಂದಿನವರು ತಿದ್ದಲಾರರು.

ವಿಷಯ ಎಂಬ ಅಂಶವನ್ನು ತುಂಬುವಾಗ ಪ್ರತಿಯೊಬ್ಬರೂ ತಮಗೆ ತೋಚಿದ ಪದ ಬಳಸಿದರೆ ಒಬ್ಬರ ಒಕ್ಕಲುತನ, ಇನ್ನೊಬ್ಬರ ಕೃಷಿ, ಮತ್ತೊಬ್ಬರ ಬೇಸಾಯ ಮೂರು ಬೇರೆ ಕಪಾಟುಗಳಾಗುತ್ತವೆ. ಐವತ್ತು ಅರವತ್ತು ಪದಗಳ ಒಂದು ನಿಯಂತ್ರಿತ ಪದಪಟ್ಟಿ ಸಣ್ಣ ಸಂಗ್ರಹಕ್ಕೆ ಧಾರಾಳವಾಯಿತು. ಹೊಸ ಪದ ಸೇರಿಸುವ ಅಧಿಕಾರ ಒಬ್ಬರ ಕೈಯಲ್ಲಿರಲಿ.

ಚಿತ್ರದಿಂದ ಪಠ್ಯಕ್ಕೆ

ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿಗೆ ಒಂದು ಚಿತ್ರ ಮಾತ್ರ. ಅದರಲ್ಲಿ ಪದಗಳನ್ನು ಹುಡುಕಬೇಕಾದರೆ ಅಕ್ಷರ ಗುರುತಿಸುವ ತಂತ್ರಾಂಶದ, ಅಂದರೆ ಓಸಿಆರ್‌ನ, ಮೂಲಕ ಪಠ್ಯವನ್ನು ಹೊರತೆಗೆಯಬೇಕು. ಮುಕ್ತ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟೆಸೆರಾಕ್ಟ್. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ ಇದು 2005ರಲ್ಲಿ ಮುಕ್ತವಾಯಿತು; 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ನರಜಾಲ ಮಾದರಿಯನ್ನು ಬಳಸುತ್ತಿದೆ, ಕನ್ನಡದ ಮಾದರಿಯೂ ಅದರಲ್ಲಿದೆ. ಕನ್ನಡದಂಥ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳನ್ನು ಬಿಡಿಸುವ ಹಂತದಲ್ಲೇ ತೊಡಕು ಆರಂಭವಾಗುತ್ತದೆ. ಹಳೆಯ ಪುಸ್ತಕದ ಱ, ೞ ಅಕ್ಷರಗಳು ಬೇರೆ ಏನೋ ಆಗಿ ಹೊರಬರುವುದೂ ಸಾಮಾನ್ಯ.

ತಂತ್ರಾಂಶದ ನಿಖರತೆ 98 ಪ್ರತಿಶತ ಎಂಬ ಮಾತು ಕೇಳಿದರೆ ಸಮಾಧಾನವಾಗುತ್ತದೆ, ಆದರೆ ಅದು ಅಕ್ಷರಗಳ ಲೆಕ್ಕ. ಪುಟಕ್ಕೆ 1,500 ಅಕ್ಷರಗಳಿದ್ದರೆ ಪುಟಕ್ಕೆ 30 ತಪ್ಪುಗಳು. ತಪ್ಪುಗಳು ಎಲ್ಲೆಡೆ ಸಮನಾಗಿ ಹರಡಿವೆ ಎಂದುಕೊಂಡರೆ, ಆರು ಅಕ್ಷರಗಳ ಪದ ಪೂರ್ತಿ ಸರಿಯಾಗಿರುವ ಸಂಭವ ಸುಮಾರು 89 ಪ್ರತಿಶತ, ಅಂದರೆ ಒಂಬತ್ತು ಪದಗಳಲ್ಲಿ ಒಂದು ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಅಂಟಿಕೊಂಡು ಪದಗಳು ಉದ್ದವಾಗುವುದರಿಂದ ನಷ್ಟ ಇನ್ನೂ ಹೆಚ್ಚು. ನಿಮ್ಮ ಹತ್ತು ಪುಸ್ತಕಗಳಲ್ಲಿ ತಲಾ ಎರಡು ಪುಟಗಳನ್ನು ಕೈಯಿಂದ ಟೈಪಿಸಿ, ತಂತ್ರಾಂಶದ ಫಲಿತಾಂಶದೊಂದಿಗೆ ಹೋಲಿಸಿ, ತಪ್ಪಿನ ಪ್ರಮಾಣವನ್ನು ನೀವೇ ಅಳೆಯಿರಿ. ಇದು ಇಪ್ಪತ್ತು ಪುಟಗಳ ಕೆಲಸ. ಯಾವ ಪುಸ್ತಕವನ್ನು ಕೈಯಿಂದ ತಿದ್ದಬೇಕು, ಯಾವುದನ್ನು ಹಾಗೆಯೇ ಬಿಡಬಹುದು ಎಂಬುದು ಆಗ ಊಹೆಯ ವಿಷಯವಾಗಿ ಉಳಿಯುವುದಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ‘ಸಂಗ್ರಹ’ ಮತ್ತು ‘ಸ೦ಗ್ರಹ’ ಎಂಬ ಈ ಎರಡು ಪದಗಳನ್ನು ನೋಡಿ. ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿರುವುದು ಕನ್ನಡದ ಅಂಕಿ ಸೊನ್ನೆ. ಅನೇಕ ಫಾಂಟ್‌ಗಳಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಟೈಪಿಸುವವರೂ ತಂತ್ರಾಂಶವೂ ಒಂದರ ಬದಲು ಇನ್ನೊಂದನ್ನು ಹಾಕುತ್ತಾರೆ, ಆದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇವು ಬೇರೆ ಬೇರೆ ಸಂಕೇತಗಳಾದ್ದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹಾಗೆಯೇ ‘ಲೋಕ’ ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಮೂರು ಸಂಕೇತಗಳಾಗಿಯೂ ಬರೆಯಬಹುದು. ‘ಸಾಫ್ಟ್‌ವೇರ್’ ಎಂಬಲ್ಲಿ ಟಕಾರದ ಕೆಳಗೆ ವಕಾರ ಒತ್ತಾಗಿ ಇಳಿಯದಂತೆ ತಡೆಯುವ ಒಂದು ಅದೃಶ್ಯ ಸಂಕೇತವಿದೆ. ಹುಡುಕುವವರು ಅದನ್ನು ಟೈಪಿಸುತ್ತಾರೆಂಬ ಖಾತರಿಯಿಲ್ಲ.

ಇದಕ್ಕೆ ಪರಿಹಾರ ಎರಡು ಪದರಗಳದ್ದು. ಮೂಲ ಪಠ್ಯವನ್ನು ಇದ್ದಂತೆಯೇ ಉಳಿಸಿಕೊಂಡು, ಹುಡುಕಾಟದ ಸೂಚಿಗೆಂದು ಅದರ ಒಂದು ಸಾಮಾನ್ಯೀಕೃತ ಪ್ರತಿಯನ್ನು ಮಾಡಬೇಕು. ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಓಕಾರದ ಭೇದಗಳನ್ನು ಒಂದುಗೂಡಿಸುತ್ತದೆ. ಸೊನ್ನೆ ಮತ್ತು ಅನುಸ್ವಾರದ ಗೊಂದಲವನ್ನು ಅದು ಬಗೆಹರಿಸುವುದಿಲ್ಲ, ಅದೃಶ್ಯ ಸಂಕೇತವನ್ನೂ ತೆಗೆಯುವುದಿಲ್ಲ. ಅಕ್ಷರದ ಪಕ್ಕದಲ್ಲಿರುವ ಸೊನ್ನೆಯನ್ನು ಅನುಸ್ವಾರವಾಗಿಸುವ, ಅದೃಶ್ಯ ಸಂಕೇತಗಳನ್ನು ಕಳೆಯುವ ನಿಯಮಗಳನ್ನು ನೀವೇ ಬರೆಯಬೇಕು. ಬಳಕೆದಾರರು ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪಿಸಿದ್ದೂ ಇದೇ ನಿಯಮಗಳ ಮೂಲಕ ಹಾದು ಬರಬೇಕು, ಇಲ್ಲದಿದ್ದರೆ ಒಂದು ಕಡೆ ತಿದ್ದಿದ್ದು ವ್ಯರ್ಥ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳು ನಿಮ್ಮಲ್ಲಿದ್ದರೆ ಅವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ.

ತಂತ್ರಾಂಶದ ಆಯ್ಕೆ

ಹೊಸಬರು ಮೊದಲು ಕೇಳುವ ಪ್ರಶ್ನೆಯನ್ನು ಉದ್ದೇಶಪೂರ್ವಕವಾಗಿ ಇಷ್ಟು ತಡವಾಗಿ ಎತ್ತಿಕೊಂಡಿದ್ದೇನೆ. ಎಂಐಟಿ ಗ್ರಂಥಾಲಯಗಳು ಮತ್ತು ಎಚ್‌ಪಿ ಕೂಡಿ 2002ರಲ್ಲಿ ಹೊರತಂದ ಡಿಸ್ಪೇಸ್, ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್, ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಗ್ರೀನ್‌ಸ್ಟೋನ್, ಪ್ರದರ್ಶನ ಮಾದರಿಯ ಸಂಗ್ರಹಗಳಿಗೆ ಒಗ್ಗುವ ಒಮೇಕಾ ಇವೆಲ್ಲವೂ ಸಂಗ್ರಹವನ್ನು ಜಾಲದಲ್ಲಿ ಪ್ರಕಟಿಸಲು ಬಳಸುವ ಮುಕ್ತ ತಂತ್ರಾಂಶಗಳು. ಡಿಸ್ಪೇಸ್‌ಗೆ ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರು ಸದಾ ಬೇಕು. ಒಮೇಕಾ ಸಾಮಾನ್ಯ ಹೋಸ್ಟಿಂಗ್‌ನಲ್ಲೂ ನಡೆಯುತ್ತದೆ. ಹತ್ತು ಪುಸ್ತಕಗಳ ಹಂತದಲ್ಲಿ ಎರಡನ್ನು ಪ್ರಯೋಗಿಸಿ ನೋಡಿ, ಮತ್ತು ಎರಡೇ ಪರೀಕ್ಷೆಗಳಿಗೆ ಒಡ್ಡಿ. ನಿಮ್ಮ ಎಲ್ಲ ಮೆಟಾಡೇಟಾವನ್ನೂ ಕಡತಗಳನ್ನೂ ಅದರಿಂದ ಪೂರ್ತಿಯಾಗಿ ಹೊರತೆಗೆದು ಇನ್ನೊಂದಕ್ಕೆ ಸೇರಿಸಲು ಸಾಧ್ಯವೇ? ನಿಮ್ಮ ದಾಖಲೆಗಳನ್ನು ಇತರ ಸಂಗ್ರಹಗಳು ಕೊಯ್ದುಕೊಳ್ಳಲು ಅನುವು ಮಾಡುವ ಓಎಐ-ಪಿಎಂಎಚ್ ನಿಯಮಾವಳಿಗೆ ಅದು ಉತ್ತರ ಕೊಡುತ್ತದೆಯೇ? 2002ರ ಎರಡನೆಯ ಆವೃತ್ತಿಯಿಂದ ಬದಲಾಗದೆ ನಿಂತಿರುವ ಈ ನಿಯಮಾವಳಿಯಲ್ಲಿ ಇರುವುದು ಆರೇ ಆಜ್ಞೆಗಳು, ಅದರ ದೀರ್ಘಾಯುಷ್ಯಕ್ಕೆ ಆ ಸರಳತೆಯೇ ಕಾರಣ ಎಂದು ನನಗನಿಸುತ್ತದೆ.

ಪ್ರತಿ ಕೃತಿಗೂ ಬದಲಾಗದ ಒಂದು ವಿಳಾಸ ಬೇಕು. ಹ್ಯಾಂಡಲ್, ಡಿಒಐ, ಆರ್ಕ್ ಎಂಬ ಗುರುತು ವ್ಯವಸ್ಥೆಗಳು ಇರುವುದು ಇದಕ್ಕಾಗಿ. ಸರ್ವರ್ ಬದಲಾದರೂ ಯಾರದೋ ಪ್ರಬಂಧದ ಅಡಿಟಿಪ್ಪಣಿಯಲ್ಲಿರುವ ಕೊಂಡಿ ಕೆಲಸ ಮಾಡುತ್ತಿರಬೇಕು.

ಉಳಿಸಿಕೊಳ್ಳುವುದು

ಬಿಬಿಸಿ 1986ರಲ್ಲಿ ಲಕ್ಷಾಂತರ ಜನರ ಕೊಡುಗೆಯಿಂದ ಲೇಸರ್‌ಡಿಸ್ಕ್‌ಗಳಲ್ಲಿ ರೂಪಿಸಿದ ಡೂಮ್ಸ್‌ಡೇ ಯೋಜನೆಯನ್ನು ಓದಬಲ್ಲ ಯಂತ್ರಗಳು ಹದಿನೈದೇ ವರ್ಷಗಳಲ್ಲಿ ದುರ್ಲಭವಾದವು. ಅದನ್ನು ಮತ್ತೆ ತೆರೆಯಲು ಸಂಶೋಧಕರು ಹಳೆಯ ಯಂತ್ರವನ್ನು ತಂತ್ರಾಂಶದಲ್ಲಿ ಅನುಕರಿಸಬೇಕಾಯಿತು. ಕಡತ ಇದೆ ಎಂಬುದೂ ಕಡತವನ್ನು ಓದಬಹುದು ಎಂಬುದೂ ಎರಡು ಬೇರೆ ಮಾತುಗಳು. ಟಿಫ್, ಪಿಡಿಎಫ್/ಎ, ಸಾದಾ ಯೂನಿಕೋಡ್ ಪಠ್ಯ, ಎಕ್ಸ್‌ಎಂಎಲ್ ಮುಂತಾದ ಬಹಿರಂಗ ವಿವರಣೆ ಇರುವ ಸ್ವರೂಪಗಳಿಗೆ ಅಂಟಿಕೊಳ್ಳಬೇಕಾದ ಕಾರಣ ಇದೇ.

ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್, ಅಂದರೆ ಅದರ ಒಳಗಿರುವುದರಿಂದ ಹುಟ್ಟುವ ಒಂದು ಪರಿಶೀಲನಾ ಸಂಖ್ಯೆಯನ್ನು ಲೆಕ್ಕ ಹಾಕಿ ಇಟ್ಟುಕೊಳ್ಳಿ. ಕಡತದ ಒಂದೇ ಒಂದು ಬಿಟ್ ಬದಲಾದರೂ ಬೆರಳ ಗುರುತಿನಂಥ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಪುಸ್ತಕದ ಎಲ್ಲ ಕಡತಗಳನ್ನೂ ಅವುಗಳ ಚೆಕ್‌ಸಮ್ ಪಟ್ಟಿಯನ್ನೂ ಒಂದು ಕಟ್ಟಾಗಿ ಕಟ್ಟುವ ಬ್ಯಾಗಿಟ್ ಎಂಬ ಸರಳ ವಿಧಾನವಿದೆ; ಅದನ್ನು ಬಳಸಿದರೆ ವರ್ಷಕ್ಕೆರಡು ಬಾರಿ ಇಡೀ ಸಂಗ್ರಹವನ್ನು ಪರಿಶೀಲಿಸುವುದು ಒಂದು ಆಜ್ಞೆಯ ಕೆಲಸವಾಗುತ್ತದೆ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮಕ್ಕೆ ಈಗ ಇನ್ನೊಂದನ್ನು ಸೇರಿಸಬೇಕು: ಒಂದು ಪ್ರತಿ ಯಾವ ಜಾಲಕ್ಕೂ ಜೋಡಿಸದೆ ಇರಲಿ. 2023ರ ಅಕ್ಟೋಬರ್‌ನಲ್ಲಿ ನಡೆದ ಸುಲಿಗೆ ತಂತ್ರಾಂಶದ ದಾಳಿಯಿಂದ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೂಚಿಯೇ ತಿಂಗಳುಗಟ್ಟಲೆ ಸಿಗದಂತಾಗಿತ್ತು. ಸಣ್ಣ ಸಂಗ್ರಹಗಳಿಗೆ ಅಂಥ ಪೆಟ್ಟಿನಿಂದ ಚೇತರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಬ್ಯಾಕಪ್ ಇದೆ ಎಂದು ಹೇಳುವ ಮೊದಲು ಅದರಿಂದ ಒಂದು ಪುಸ್ತಕವನ್ನು ನಿಜವಾಗಿ ಮರಳಿ ತೆಗೆದು ತೆರೆದು ನೋಡಿ.

ಈ ಕ್ಷೇತ್ರದ ಸಂರಕ್ಷಣಾ ಚರ್ಚೆಗೆಲ್ಲ ಅಡಿಪಾಯವಾಗಿರುವ ಓಎಐಎಸ್ ಮಾದರಿ, ಅಂದರೆ ಐಎಸ್ಒ 14721 ಎಂಬ ಅಂತರರಾಷ್ಟ್ರೀಯ ಮಾನಕ, ಒಳಬರುವ ಕಟ್ಟು, ಉಳಿಸುವ ಕಟ್ಟು, ಹೊರಕೊಡುವ ಕಟ್ಟು ಎಂದು ಮೂರನ್ನು ಬೇರ್ಪಡಿಸುತ್ತದೆ. ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಸ್ಕ್ಯಾನರ್‌ನಿಂದ ಬಂದದ್ದು, ಡಿಸ್ಕಿನಲ್ಲಿ ಕಾಪಾಡುವುದು, ಓದುಗರಿಗೆ ಕೊಡುವುದು ಈ ಮೂರನ್ನೂ ಮೂರು ಫೋಲ್ಡರುಗಳಲ್ಲಿ ಇಟ್ಟವರು ಆ ಹಾದಿಯಲ್ಲಿ ಅರ್ಧ ದೂರ ಬಂದಿರುತ್ತಾರೆ.

ಹುಡುಕಾಟವನ್ನು ಅಳೆಯುವುದು

ಬಹಳಷ್ಟು ಯೋಜನೆಗಳು ಈ ಹಂತಕ್ಕೆ ಬರುವುದೇ ಇಲ್ಲ. ಸಂಗ್ರಹದ ಗಾತ್ರವನ್ನು ಪುಟಗಳ ಲೆಕ್ಕದಲ್ಲಿ ಹೇಳುವವರು ಸಾಕಷ್ಟು ಜನ. ಅದರಲ್ಲಿ ಹುಡುಕಿದವರಿಗೆ ಎಷ್ಟು ಬಾರಿ ಬೇಕಾದದ್ದು ಸಿಕ್ಕಿತು ಎಂದು ಹೇಳಬಲ್ಲವರು ವಿರಳ. ಸಿರಿಲ್ ಕ್ಲೆವರ್‌ಡನ್ 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ನಡೆಸಿದ ಪ್ರಯೋಗಗಳು ರೂಢಿಗೆ ತಂದ ವಿಧಾನವನ್ನೇ ಸಣ್ಣ ಮಟ್ಟದಲ್ಲಿ ಬಳಸಬಹುದು. ನಿಮ್ಮ ಓದುಗರು ನಿಜವಾಗಿ ಕೇಳುವಂಥ ಮೂವತ್ತು ಪ್ರಶ್ನೆಗಳನ್ನು ಸಂಗ್ರಹಿಸಿ. ಹತ್ತು ಪುಸ್ತಕಗಳನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಕೂರಿಸಿಕೊಂಡು ಪ್ರತಿ ಪ್ರಶ್ನೆಗೂ ಉತ್ತರವಿರುವ ಪುಟಗಳ ಪಟ್ಟಿ ಮಾಡಿ. ನಂತರ ಅದೇ ಪ್ರಶ್ನೆಗಳನ್ನು ನಿಮ್ಮ ಹುಡುಕಾಟದ ಪೆಟ್ಟಿಗೆಗೆ ಕೊಡಿ. ಒಂದು ಪ್ರಶ್ನೆಗೆ 20 ಪುಟಗಳು ಸಂಬಂಧಪಟ್ಟವಾಗಿದ್ದು, ವ್ಯವಸ್ಥೆ 16 ಪುಟಗಳನ್ನು ತೋರಿಸಿ, ಅವುಗಳಲ್ಲಿ 12 ಸರಿಯಾಗಿದ್ದರೆ, ಇರುವುದರಲ್ಲಿ 60 ಪ್ರತಿಶತ ಸಿಕ್ಕಿತು, ಸಿಕ್ಕಿದ್ದರಲ್ಲಿ 75 ಪ್ರತಿಶತ ಸರಿಯಾಗಿತ್ತು. ಮೊದಲನೆಯದನ್ನು ರಿಕಾಲ್, ಎರಡನೆಯದನ್ನು ಪ್ರಿಸಿಷನ್ ಎನ್ನುತ್ತಾರೆ.

ಸಿಗದೆ ಉಳಿದ ಎಂಟು ಪುಟಗಳನ್ನು ಒಂದೊಂದಾಗಿ ತೆರೆದು ಕಾರಣ ಬರೆಯಿರಿ: ಓಸಿಆರ್ ತಪ್ಪೇ, ಸೊನ್ನೆಯ ಗೊಂದಲವೇ, ಪ್ರತ್ಯಯ ಅಂಟಿಕೊಂಡ ಪದವೇ, ಲೇಖಕರು ಬೇರೆ ಪದ ಬಳಸಿದ್ದರೇ? ಯಾವ ಕಾರಣ ಹೆಚ್ಚು ಬಾರಿ ಬಂದಿದೆಯೋ ಅದನ್ನು ಮೊದಲು ತಿದ್ದಿ, ಮೂವತ್ತು ಪ್ರಶ್ನೆಗಳನ್ನು ಮತ್ತೆ ಓಡಿಸಿ. ಸಂಶೋಧನೆ ಮತ್ತು ಕೆಲಸದ ನಡುವಿನ ಗೆರೆ ಅಳಿಸಿಹೋಗುವುದು ಇಲ್ಲಿ. ಒಂದು ಸಾಮಾನ್ಯೀಕರಣ ನಿಯಮದಿಂದ ರಿಕಾಲ್ ಎಷ್ಟು ಏರಿತು ಎಂಬುದನ್ನು ಪ್ರಶ್ನೆಗಳ ಪಟ್ಟಿಯೊಂದಿಗೆ ಪ್ರಾಮಾಣಿಕವಾಗಿ ದಾಖಲಿಸಿದರೆ ಅದು ಪ್ರಬಂಧವೊಂದರ ತಿರುಳು. 2001ರಿಂದ ನಡೆಯುತ್ತಿರುವ ಜೆಸಿಡಿಎಲ್, ಯುರೋಪಿನ ಟಿಪಿಡಿಎಲ್, ಏಷ್ಯಾದಲ್ಲಿ 1998ರಲ್ಲಿ ಆರಂಭವಾದ ಐಸಿಎಡಿಎಲ್ ಎಂಬ ಡಿಜಿಟಲ್ ಗ್ರಂಥಾಲಯ ಸಮ್ಮೇಳನಗಳ ಹಳೆಯ ಪ್ರಬಂಧಗಳನ್ನು ತಿರುವಿ ಹಾಕಿದರೆ ಇಂಥ ಕೆಲಸಕ್ಕೆ ಯಾವ ರೂಪ ಕೊಡಬೇಕೆಂಬುದು ತಿಳಿಯುತ್ತದೆ. 1995ರಿಂದ 2017ರವರೆಗೆ ಪ್ರಕಟವಾದ ಡಿ-ಲಿಬ್ ಪತ್ರಿಕೆಯ ಬರಹಗಳು ಕೆಲಸ ಮಾಡುವವರಿಗೆ ಇನ್ನೂ ಹತ್ತಿರದವು. ಪ್ರಕಟಿಸುವವರು ಪರೀಕ್ಷೆಯ ಪ್ರಶ್ನೆಗಳನ್ನೂ ಉತ್ತರಗಳ ಪಟ್ಟಿಯನ್ನೂ ಇತರರ ಬಳಕೆಗೆ ಮುಕ್ತವಾಗಿ ಇಡಬೇಕು.

ಸಂಗ್ರಹ ಓದುಗರಿಗೆ ತೆರೆದುಕೊಂಡ ಮೇಲೆ, ಫಲಿತಾಂಶ ಸೊನ್ನೆಯಾದ ಹುಡುಕಾಟಗಳನ್ನು ಮಾತ್ರ ದಾಖಲಿಸುವ ಒಂದು ಪಟ್ಟಿಯನ್ನು ಇಟ್ಟುಕೊಳ್ಳಿ. ಯಾರು ಹುಡುಕಿದರು ಎಂಬುದನ್ನು ದಾಖಲಿಸಬೇಡಿ, ಅದು ಓದುಗರ ಖಾಸಗಿ ವಿಷಯ. ವಾರಕ್ಕೊಮ್ಮೆ ಆ ಪಟ್ಟಿಯನ್ನು ಓದುವ ಕೆಲಸವನ್ನು ವಿವರಣೆ ಬರೆಯುವವರಿಗೇ ವಹಿಸಿ. ನಾಮಸೂಚಿಗೆ ಸೇರಬೇಕಾದ ಪರ್ಯಾಯ ರೂಪಗಳು, ಪದಪಟ್ಟಿಯಲ್ಲಿ ಇಲ್ಲದ ಆದರೆ ಜನ ಬಳಸುವ ಪದಗಳು, ಮುಂದೆ ಸ್ಕ್ಯಾನ್ ಮಾಡಬೇಕಾದ ಪುಸ್ತಕಗಳು ಅದರಲ್ಲೇ ಸಿಗುತ್ತವೆ. ಮೊದಲ ಹತ್ತು ಪುಸ್ತಕಗಳನ್ನೂ ಅವುಗಳ ಮೂವತ್ತು ಪ್ರಶ್ನೆಗಳನ್ನೂ ಮುಂದೆ ಸಂಗ್ರಹ ಎಷ್ಟೇ ಬೆಳೆದರೂ ಪ್ರತ್ಯೇಕವಾಗಿ ಕಾಪಾಡಿಕೊಂಡು, ತಂತ್ರಾಂಶದ ಹೊಸ ಆವೃತ್ತಿ ಹಾಕಿದಾಗಲೆಲ್ಲ ಮೊದಲು ಅವುಗಳ ಮೇಲೆಯೇ ಓಡಿಸಿ ನೋಡಿ, ಹಳೆಯ ಅಂಕಿಗಳಿಗಿಂತ ಕೆಳಗೆ ಇಳಿದಿದ್ದರೆ ಆ ಆವೃತ್ತಿಯನ್ನು ಓದುಗರ ಮುಂದೆ ಇಡಬೇಡಿ.